ಬೀರುವಿನ ಮೇಲಿನ ಮೆಷೀನು

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಎಲ್ಲರೂ ಅಕ್ಕಿ ರೊಟ್ಟಿ ತಿನ್ನುತ್ತ ಕೂತಿದ್ದಾಗ ಮೊಮ್ಮಗಳು ವಚನಾ ಮಾತು ತೆಗೆದಳು.

"ಅಜ್ಜಿ, ನಿನ್ನ ರೂಮಿಗೆ ಎಸಿ ಹಾಕಿಸ್ತಾ ಇದೀವಿ."

ಶಿವಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಾಳಿನಲ್ಲಿ ತನಗೆ ಅಂತ ಒಂದು ಫ್ಯಾನನ್ನೂ ಕೇಳಿದವಳಲ್ಲ ಅವಳು. ಆ ಹೊತ್ತಿಗೂ ತಲೆಗೆ ಉಲ್ಲನ್ ಟೋಪಿ, ಮೈಗೆ ಸ್ವೆಟರು, ಅದರ ಮೇಲೆ ಸೆರಗು ಹೊದ್ದು ಕೂತಿದ್ದಳು.

"ನಂಗಾ? ಈ ಚಳೀಲಾ? ಮುದುಕಿ ಬೇಗ ಹೋಗ್ಲಿ ಅಂತಲೇನೇ?"

"ಅಯ್ಯೋ ಅಜ್ಜಿ, ಇದು ಬೇರೆ ತರದ್ದು. ತಣ್ಣಗೂ ಬರುತ್ತೆ, ಬಿಸಿನೂ ಬರುತ್ತೆ. ಬಿಸಿ ಗಾಳಿ ನಿನ್ನ ಮಂಡಿಗೆ ಒಳ್ಳೇದು."

ಶಿವಕ್ಕ ಮಗನ ಮುಖ ನೋಡಿದಳು. ಉದಯಕುಮಾರ ವಿಜಯನಗರದ ಒಂದು ಸಹಕಾರ ಸಂಘದಲ್ಲಿ ಮ್ಯಾನೇಜರ್. ಮನೆಯಲ್ಲಿ ಒಂದು ಬಲ್ಬು ಸುಮ್ಮನೆ ಉರಿದರೂ ಎದ್ದು ಹೋಗಿ ಆರಿಸಿ ಬರುವ ಆಸಾಮಿ. ಸರಕಾರದ ಉಚಿತ ಕರೆಂಟು ಬಂದ ಮೇಲೆ ಪ್ರತಿ ತಿಂಗಳೂ ಸೊನ್ನೆ ಬಿಲ್ಲು ಬರುತ್ತಿತ್ತು. ಅದನ್ನು ಅವನು ಮಗಳ ಮಾರ್ಕ್ಸ್ ಕಾರ್ಡಿನ ಹಾಗೆ ಬಂದವರಿಗೆಲ್ಲ ತೋರಿಸುತ್ತಿದ್ದ.

"ನೀ ಒಪ್ಕೊಂಡ್ಯಾ?" ಎಂದು ಕೇಳಿದಳು.

"ಮಗಳು ಸ್ವಂತ ಸಂಬಳದಲ್ಲಿ ಹಾಕಿಸ್ತೀನಿ ಅಂತಾಳೆ. ಚಳಿಗಾಲದಲ್ಲಿ ಎರಡು ತಿಂಗ್ಳು ಅಷ್ಟೇ ತಾನೆ? ನಿನ್ನ ಮಂಡಿ ನೋವು ನೋಡಕ್ಕಾಗಲ್ಲ ಅವ್ವಾ, ಅದಕ್ಕೇ ಹೂಂ ಅಂದೆ."

ಸೊಸೆ ಕಲಾವತಿ ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತಿದ್ದಳು. ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆ ಬರುತ್ತಿದ್ದರೂ ಅವಳು ತೆಗೆಯಲಿಲ್ಲ. ಅತ್ತೆಗೆ ಏನಾದರೂ ತಂದರೆ ಒಂದು ಕೊಂಕು ಆಡದೆ ಬಿಡುವವಳಲ್ಲ ಕಲಾವತಿ. ಅಂಥವಳು ಇವತ್ತು ತುಟಿ ಬಿಚ್ಚದೆ ಇದ್ದದ್ದೇ ಶಿವಕ್ಕನಿಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡಿತು.

ಚಂದ್ರಾ ಲೇಔಟಿನ ಆ ಮನೆಯನ್ನು ಕಟ್ಟಿಸಿದವನು ಶಿವಕ್ಕನ ಗಂಡ ವಿಶ್ವಾರಾಧ್ಯ. ಗಿರಣಿಯ ಸಂಬಳದಲ್ಲಿ ಒಂದೊಂದು ವರ್ಷ ಒಂದೊಂದು ಗೋಡೆ ಎಬ್ಬಿಸಿದ. ಕೆಳಗೆ ಹಾಲ್, ಅಡುಗೆಮನೆ, ಬಚ್ಚಲು ಸೇರಿದ ಶಿವಕ್ಕನ ಕೋಣೆ. ಮೇಲೆ ಮಗ ಸೊಸೆಯದೊಂದು, ಮೊಮ್ಮಗಳದೊಂದು. ಗಂಡ ತೀರಿಕೊಂಡ ಮೇಲೆ ಶಿವಕ್ಕನಿಗೆ ಉಳಿದದ್ದು ಆ ಒಂದು ಕೋಣೆ. ಅದರಲ್ಲಿ ಅವಳ ಮಂಚ, ದೇವರ ಜಗುಲಿ, ಮನೆ ಪತ್ರವೂ ರೇಷ್ಮೆ ಸೀರೆಗಳೂ ಇದ್ದ ಕಬ್ಬಿಣದ ಬೀರು. ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿ. ಮಂಡಿ ಸವೆದ ಮೇಲೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಳು.

ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಹೊರಗೆ ಕೂತಿದ್ದಾಗ ಪಕ್ಕದ ಮನೆಯ ಶಿವಗಂಗಮ್ಮ ಕಾಂಪೌಂಡಿನಾಚೆಯಿಂದ ಕತ್ತು ಉದ್ದ ಮಾಡಿದಳು.

"ಎಸಿ ಅಂತೆ? ಅದೃಷ್ಟ ಬಿಡಿ ನಿಮ್ದು."

"ಮಂಡಿಗಂತೆ."

"ಮಂಡಿಗಾ? ನಿಮ್ಮ ಮೊಮ್ಮಗಳು ನನ್ನ ಹತ್ರ ಬೇರೆ ಹೇಳಿದ್ಲಲ್ಲ. ಏನೋ ಆನ್‌ಲೈನ್ ಕ್ಲಾಸು ತಗೊಂಡಿದೀನಿ, ಕೆಳಗಿನ ರೂಮಲ್ಲಿ ಕೂತು ಓದ್ತೀನಿ ಅಂದ್ಲು."

ಶಿವಕ್ಕನ ಉಗುರು ಅವರೆಕಾಯಿಯಲ್ಲೇ ಉಳಿಯಿತು.

"ನೋಡಿ ಶಿವಕ್ಕ, ನಾನು ಹೇಳ್ದೆ ಅನ್ಬೇಡಿ," ಶಿವಗಂಗಮ್ಮ ದನಿ ತಗ್ಗಿಸಿದಳು. "ಶ್ರೀಗಂಧದ ಕಾವಲಲ್ಲಿ ನಮ್ಮ ಅತ್ತಿಗೆ ಇಲ್ವಾ? ಅವರಿಗೂ ಹಿಂಗೇ. ಮೊದ್ಲು ರೂಮಿಗೆ ಟೈಲ್ಸ್ ಹಾಕ್ಸಿದ್ರು. ಆಮೇಲೆ ಎಸಿ ಹಾಕ್ಸಿದ್ರು. ಅತ್ತಿಗೆ ಎಲ್ರಿಗೂ ಹೇಳ್ಕೊಂಡು ಬಂದಿದ್ದೇ ಬಂದಿದ್ದು. ಈಗ ಅತ್ತಿಗೆ ಮಾಳಿಗೆ ಮೇಲಿನ ಶೀಟಿನ ರೂಮಲ್ಲಿ. ಎಸಿ ರೂಮಲ್ಲಿ ಇಬ್ರು ಹುಡುಗ್ರು ಬಾಡಿಗೆಗೆ."

"ನಮ್ಮ ಮನೇಲಿ ಹಂಗೆಲ್ಲ ಇಲ್ಲ."

"ಅತ್ತಿಗೆನೂ ಹಂಗೇ ಅಂತಿದ್ರು."

ಸಂಜೆ ಕಾಫಿ ಕೊಡಲು ಬಂದ ಸೊಸೆಯನ್ನು ಶಿವಕ್ಕ ತಡೆದು ಕೇಳಿದಳು. "ಈ ಮೆಷೀನು ಯಾರ ತಲೇಲಿ ಹುಟ್ಟಿದ್ದು?"

"ನಿಮ್ಮ ಮಗನದೇ ಆಸೆ," ಅಂದಳು ಕಲಾವತಿ, ಲೋಟ ಇಟ್ಟು ಹೊರಟೇ ಹೋದಳು.

ಮೊಮ್ಮಗಳು ಒಂದು ಹೇಳುತ್ತಾಳೆ, ಕಾಂಪೌಂಡಿನಾಚೆ ಇನ್ನೊಂದು ಹೇಳುತ್ತಾಳೆ, ಸೊಸೆ ಮತ್ತೊಂದು. ಅವತ್ತಿನಿಂದ ಶಿವಕ್ಕ ಸ್ನಾನಕ್ಕೆ ಹೋದಾಗಲೂ ಬೀಗದ ಕೈಯನ್ನು ಬಚ್ಚಲ ಗೂಡಿನಲ್ಲಿ, ಕಣ್ಣ ಮುಂದೆಯೇ ಇಟ್ಟುಕೊಂಡಳು.

ಮೆಷೀನು ಹಾಕಲು ಲಗ್ಗೆರೆಯಿಂದ ಬಾಳೇಶ ಬಂದ, ಬಾಗಲಕೋಟೆ ಕಡೆಯವನು. ಏಣಿ ಇಟ್ಟು, ಗೋಡೆ ತಟ್ಟಿ ನೋಡಿ, ಕಿಟಕಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ.

"ಇಲ್ಲಿ ಹಚ್ಚಿದ್ರ ಪೈಪು ಸೀದಾ ಹೊರಗ ಹೊಕ್ಕೈತಿ ನೋಡ್ರಿ."

"ಅಲ್ಲಿ ಬೇಡ ಕಣಪ್ಪ. ಗಾಳಿ ನೇರ ಜಗುಲಿಗೆ ಬಡಿಯುತ್ತೆ. ದೀಪ ನಿಲ್ಲಲ್ಲ," ಅಂದಳು ಶಿವಕ್ಕ.

"ಹಂಗಾರ ಎಲ್ಲಿ ಹಚ್ಚಲಿ ಅಜ್ಜಿ?"

ಶಿವಕ್ಕ ನಾಲ್ಕೂ ಗೋಡೆ ನೋಡಿ ಬೀರುವಿನ ಮೇಲಿನ ಜಾಗ ತೋರಿಸಿದಳು. ಬೀರುವಿನ ಮೇಲೆ ಕಾವಲಿಗೆ ಒಂದು ಮೆಷೀನು ಕೂತಿರಲಿ, ಯಾರಾದರೂ ಅಲ್ಲಿಗೆ ಹೋದರೆ ಗೊತ್ತಾಗಲಿ ಎಂಬ ಆಲೋಚನೆಯೂ ಅವಳಿಗಿತ್ತು. ಬಾಳೇಶ ಗೋಡೆಗೆ ತೂತು ಹೊಡೆದ. ಗಂಡ ಕಟ್ಟಿಸಿದ ಗೋಡೆಯ ಇಟ್ಟಿಗೆ ಪುಡಿಯಾಗಿ ಕೆಂಪು ಧೂಳು ಸೀರೆಯ ಮೇಲೆಲ್ಲ ಕೂತಿತು. ಹೊರಗಿನ ದೊಡ್ಡ ಡಬ್ಬವನ್ನು ಶಿವಗಂಗಮ್ಮನ ಕಡೆಯ ಗೋಡೆಗೆ ನೇತುಹಾಕಿದ. ಕೆಲಸ ಮುಗಿಯುವವರೆಗೂ ಶಿವಕ್ಕ ಮಂಚ ಬಿಟ್ಟು ಏಳಲಿಲ್ಲ.

ಚಳಿಗಾಲ ಕಳೆಯುವವರೆಗೆ ದಿನಾ ಒಂದಿಷ್ಟು ಹೊತ್ತು ಬಿಸಿ ಗಾಳಿ ಬಿಟ್ಟರು, ಬಿಲ್ಲು ಸೊನ್ನೆ ದಾಟಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಮಂಡಿಗೆ ಹಿತವಾಗಿಯೇ ಇತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಬೆರಳುಗಳು ಮರಗಟ್ಟುತ್ತಿರಲಿಲ್ಲ. ಆದರೆ ಇಷ್ಟು ಹಿತ ಮಾಡುತ್ತಿರುವುದೇ ಅವಳಿಗೆ ಇನ್ನೊಂದು ಅನುಮಾನವಾಯಿತು.

ಶಿವರಾತ್ರಿ ಮುಗಿದ ವಾರ ಕಲಾವತಿ ಚಾಪೆ, ದಿಂಬು ಹಿಡಿದುಕೊಂಡು ಕೋಣೆಗೆ ಬಂದಳು.

"ಅತ್ತೆ, ಇವತ್ತಿಂದ ನಾನು ಇಲ್ಲೇ ಮಲಗ್ತೀನಿ. ಬೆಳಗಿನ ಜಾವ ನೀವು ಬಚ್ಚಲಿಗೆ ಹೋಗುವಾಗ ಆಸರೆಗೆ ಒಬ್ರು ಬೇಕು."

"ಇಷ್ಟು ವರ್ಷ ಬೇಡದ ಆಸರೆ ಈಗ ಯಾಕೆ?"

"ವಯಸ್ಸಾಯ್ತಲ್ಲ."

"ಯಾರಿಗೆ?"

ಕಲಾವತಿ ಚಾಪೆ ಹಾಸಿದಳು. ರಿಮೋಟು ತೆಗೆದುಕೊಂಡು ಎರಡು ಸಲ ಒತ್ತಿದಳು. "ಬಿಸಿ ಸಾಕು, ಚಳಿ ಹೋಯ್ತು. ಸ್ವಲ್ಪ ತಣ್ಣಗೆ ಗಾಳಿ ಆಡ್ಲಿ," ಅಂದಳು. ಅರ್ಧ ಗಳಿಗೆಯಲ್ಲಿ ಕೋಣೆ ಬಾವಿಯ ಒಳಗಿನ ಹಾಗೆ ತಣ್ಣಗಾಯಿತು. ಶಿವಕ್ಕ ಕಂಬಳಿ ಎಳೆದುಕೊಂಡು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಗೋಡೆಗೆ ತಿರುಗಿ ಮಲಗಿದಳು.

ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಎಚ್ಚರವಾಯಿತು. ಚಾಪೆ ಖಾಲಿ. ಸೊಸೆ ಬೀರುವಿನ ಮುಂದೆ ನಿಂತಿದ್ದಳು. ಎರಡೂ ಕೈ ಮೇಲೆತ್ತಿ ಬೀರುವಿನ ನೆತ್ತಿಯ ಮೇಲೆ ಇಟ್ಟು, ಹಣೆಯನ್ನು ಅದರ ಬಾಗಿಲಿಗೆ ಆನಿಸಿದ್ದಳು. ಶಿವಕ್ಕ ಕೆಮ್ಮಿದಳು. ಕಲಾವತಿ ಬೆಚ್ಚಿ, ಸೆರಗು ಸರಿ ಮಾಡಿಕೊಂಡು, "ಹಾಲು ಬಂತೇನೋ," ಅಂತ ಹೊರಗೆ ಹೋದಳು. ಹಾಲಿನವನು ಬರಲು ಇನ್ನೂ ಹೊತ್ತಿತ್ತು.

ಮಾರನೆಯ ದಿನವೂ ಹಾಗೆಯೇ. ಅದರಾಚೆಯ ದಿನವೂ.

"ನಿಮ್ಮಮ್ಮ ನನ್ನ ಬೀರೂಲಿ ಏನು ಹುಡುಕ್ತಾ ಇದಾಳೆ?" ಎಂದು ವಚನಾಳನ್ನು ಹಿಡಿದು ಕೇಳಿದಳು. ವಚನಾ ಬಸವೇಶ್ವರನಗರದ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸದಲ್ಲಿದ್ದಳು. ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಒಂದು ಕ್ಷಣ ತಡೆದಳು.

"ಏನೂ ಇಲ್ಲಜ್ಜಿ. ನೀನು ಸೀರಿಯಲ್ ನೋಡೋದು ಕಮ್ಮಿ ಮಾಡು."

"ನೀನು ಸುಳ್ಳು ಹೇಳೋದು ಕಮ್ಮಿ ಮಾಡು. ಕೆಳಗಿನ ರೂಮಲ್ಲಿ ಕೂತು ಓದ್ತೀನಿ ಅಂದಿದ್ಯಂತೆ. ಒಂದಿನ ಪುಸ್ತಕ ಹಿಡ್ಕೊಂಡು ಬಂದಿದ್ದು ನೋಡ್ಲಿಲ್ಲ."

"ಆ ಶಿವಗಂಗಮ್ಮ ಆಂಟಿಗೆ ಏನಾದ್ರೂ ಒಂದು ಹೇಳ್ಬೇಕಿತ್ತಲ್ಲ! ಬಸ್ ಬಂತು, ಬರ್ತೀನಿ."

ಶಿವಕ್ಕ ಈಗ ಸೊಸೆಯ ಮೇಲೆ ಒಂದು ಕಣ್ಣಿಟ್ಟೇ ಇದ್ದಳು. ಕಲಾವತಿ ಫ್ರಿಜ್ಜಿನ ಬಾಗಿಲು ತೆಗೆದು ಏನನ್ನೂ ತೆಗೆದುಕೊಳ್ಳದೆ ನಿಲ್ಲುತ್ತಿದ್ದಳು. ಮೊನ್ನೆ ಒಗೆದ ಚಾದರವನ್ನು ಮತ್ತೆ ಒಗೆಯುತ್ತಿದ್ದಳು. ಒಂದೇ ಬೆಳಿಗ್ಗೆ ಎರಡು ಸಲ ರವಿಕೆ ಬದಲಾಯಿಸುತ್ತಿದ್ದಳು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಒಂದು ದಿನ ಊಟದ ಮಧ್ಯೆ ಬಡಿಸುವುದನ್ನು ಬಿಟ್ಟು ಹಿತ್ತಲಿಗೆ ಹೋಗಿ ನಿಂತಳು.

"ಮುದ್ದೆ ಆರೋಗ್ತಾ ಇದೆ, ಎಲ್ಲಿ ಹೋದ್ಲು ಇವಳು?" ಉದಯಕುಮಾರ ಕೂಗಿದ. "ಕಲಾ! ಸಾರು!"

ಅವಳು ಒಳಗೆ ಬಂದು ಸಾರಿನ ಪಾತ್ರೆಯನ್ನು ಅವನ ಮುಂದೆ ಕುಕ್ಕಿದಳು.

"ಬಡಿಸ್ಕೊಳ್ಳಿ. ಕೈ ಇದೆಯಲ್ಲ."

"ನೋಡವ್ವಾ ನಿನ್ನ ಸೊಸೇನ! ಮೂರು ಹೊತ್ತೂ ಹಿಂಗೇ, ಮುಖ ಊದಿಸ್ಕೊಂಡು. ಏನಾಗಿದೆ ಅಂತ ಕೇಳಿದ್ರೆ ಅದಕ್ಕೂ ಸಿಡುಕು."

"ಕೇಳಿದ್ರಾ? ಯಾವತ್ತು?" ಅಂದಳು ಕಲಾವತಿ.

ಶಿವಕ್ಕ ಇಬ್ಬರ ಮುಖವನ್ನೂ ನೋಡಿದಳು. ತನ್ನನ್ನು ಮೇಲೆ ಕಳಿಸುವ ಮಾತು ಗಂಡ ಹೆಂಡಿರಲ್ಲಿ ನಡೆದಿದೆ, ಅದರಲ್ಲೇ ಏನೋ ಜಗಳ ಎಂದು ಲೆಕ್ಕ ಹಾಕಿಕೊಂಡಳು. ಕೋಣೆ ಹೋದರೆ ಬೀರು ಹೋಯಿತು, ಜಗುಲಿ ಹೋಯಿತು. ಮಾಳಿಗೆಯ ಮೇಲೆ ಹತ್ತಿಸಿ ಕೂರಿಸಿದರೆ ಈ ಮಂಡಿ ಇಟ್ಟುಕೊಂಡು ಮತ್ತೆ ಇಳಿಯುವುದು ಹೆಣವಾಗಿಯೇ. ಮೊದಲು ಈ ಸೊಸೆಯನ್ನು ಕೋಣೆಯಿಂದ ಏಳಿಸಬೇಕು ಅಂದುಕೊಂಡಳು. ಏಳಿಸುವುದು ಹೇಗೆ ಅನ್ನುವುದು ಮಾತ್ರ ಹೊಳೆಯಲಿಲ್ಲ.

ಹೊಳೆಯುವ ಹಾಗೆ ಮಾಡಿದವಳು ಶಿವಗಂಗಮ್ಮ, ಅವಳಿಗೇ ಗೊತ್ತಿಲ್ಲದೆ. ಮೆಷೀನಿನ ನೀರು ಕೊಳವೆಯಿಂದ ತೊಟ್ಟಿಕ್ಕಿ ಒಣಗಲು ಹಾಕಿದ ತನ್ನ ಸಂಡಿಗೆಯೆಲ್ಲ ಹಾಳಾಯಿತೆಂದು ಅವಳು ಬೀದಿಗೆ ಕೇಳುವ ಹಾಗೆ ಕೂಗಾಡಿದಳು. ವಚನಾ ಫೋನು ಮಾಡಿ ಬಾಳೇಶನನ್ನು ಕರೆಸಿದಳು. ಅವನು ಕೊಳವೆಯನ್ನು ಚರಂಡಿಯ ಕಡೆಗೆ ತಿರುಗಿಸಿ ಕೈ ತೊಳೆದು ಒಳಗೆ ಬಂದಾಗ ಶಿವಕ್ಕ ಅವನಿಗೆ ಮಜ್ಜಿಗೆ ಕೊಟ್ಟು ಮೆಲ್ಲಗೆ ಕೇಳಿದಳು.

"ಬಿಸಿ ಗಾಳಿ ಬಿಡೋದು ಯಾವುದನ್ನ ಒತ್ತಬೇಕಪ್ಪ?"

"ಈ ಬ್ಯಾಸಿಗ್ಯಾಗ ಬಿಸಿ ಯಾಕ ಅಜ್ಜಿ?"

"ಮಂಡಿಗೆ."

"ಇದನ್ನ ಒತ್ತಕೋತ ಹೋಗ್ರಿ, ಸೂರ್ಯಾನ ಚಿತ್ರ ಬರೂತನಾ. ಆಮ್ಯಾಲ ಇದರಿಂದ ಏರಸ್ಕೊಳ್ರಿ. ಖರೆ ಹೇಳ್ತೀನಿ, ಭಾಳ ಏರಸಬ್ಯಾಡ್ರಿ, ಅವಲಕ್ಕಿ ಹುರದಂಗ ಹುರೀತೈತಿ."

ಮಾರನೆಯ ದಿನ ಮಧ್ಯಾಹ್ನ ಮಗ ಸಂಘದಲ್ಲಿ, ಮೊಮ್ಮಗಳು ಆಸ್ಪತ್ರೆಯಲ್ಲಿ. ಕಲಾವತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಶಿವಕ್ಕ ಕಿಟಕಿ ಮುಚ್ಚಿ, ಸೂರ್ಯನ ಚಿತ್ರ ಬರುವವರೆಗೂ ಒತ್ತಿದಳು. ಏರಿಸುವುದನ್ನು ಅದು ಏರುವಷ್ಟೂ ಏರಿಸಿದಳು. ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಕೆಲಸ ಮುಗಿಸಿ ಕಲಾವತಿ ಬಂದಳು. ಬಾಗಿಲು ಹಾಕಿ ಚಾಪೆಯ ಮೇಲೆ ಬಿದ್ದುಕೊಂಡಳು. ಸ್ವಲ್ಪ ಹೊತ್ತಿಗೆಲ್ಲ ಎದ್ದು ಕೂತಳು.

"ಅತ್ತೆ, ಇದೇನು ಬಿಸಿ ಬರ್ತಾ ಇದೆ?"

"ನಾನೇ ಹಾಕಿದೀನಿ. ಮಂಡಿ ನೋವು."

"ಸ್ವಲ್ಪ ಹೊತ್ತು ತಣ್ಣಗೆ ಹಾಕೋಣ ಅತ್ತೆ. ಆಮೇಲೆ ನೀವು ಬೇಕಾದಷ್ಟು ಬಿಸಿ ಹಾಕ್ಕೊಳ್ಳಿ."

"ಈ ಮೆಷೀನು ಯಾರಿಗೆ ಅಂತ ಹಾಕ್ಸಿದ್ದು?"

ಕಲಾವತಿ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಹೇಳು. ಯಾರಿಗೆ?"

"ನಿಮಗೆ."

"ಮತ್ತೆ? ನಂಗೆ ಬಿಸಿ ಬೇಕು. ಶೆಕೆ ಆದ್ರೆ ಮೇಲೆ ನಿನ್ನ ರೂಮಿಗೆ ಹೋಗು. ನಂಗೇನೂ ಆಸರೆ ಬೇಡ."

ಸೊಸೆಯ ಮುಖ ನೋಡನೋಡುತ್ತಿದ್ದಂತೆ ಕೆಂಪೇರಿತು. ಕತ್ತಿನಿಂದ ಮೇಲೆ, ಕಿವಿ ಹಣೆಯವರೆಗೆ, ಬಣ್ಣ ಹಚ್ಚಿದ ಹಾಗೆ. ಬೆವರು ತಲೆಗೂದಲಿಂದ ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಎದ್ದವಳು ಬಾಗಿಲಿಗೆ ಹೋಗಲಿಲ್ಲ, ಬಚ್ಚಲಿಗೆ ಹೋದಳು. ತಂಬಿಗೆಯಿಂದ ನೀರು ಸುರಿಯುವ ಸದ್ದು ಬಂತು. ಒಂದಾದ ಮೇಲೊಂದು, ನಿಲ್ಲಲೇ ಇಲ್ಲ. ಶಿವಕ್ಕ ಕಾದಳು, ಆಮೇಲೆ ಮಂಚ ಹಿಡಿದು ಎದ್ದು ಹೋಗಿ ನೋಡಿದಳು. ಕಲಾವತಿ ಉಟ್ಟ ಸೀರೆಯಲ್ಲೇ ನೆಲದ ಮೇಲೆ ಕೂತು ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದಳು.

"ಏನೇ ಇದು? ಸೀರೆ ಉಟ್ಕೊಂಡು!"

"ಮೈ ಉರಿಯುತ್ತೆ ಅತ್ತೆ." ಕಲಾವತಿ ತಲೆ ಎತ್ತಲಿಲ್ಲ. "ಮುಟ್ಟು ಹಿಂದೆ ಮುಂದೆ ಆಗೋಕೆ ಶುರುವಾದಾಗಿಂದ ಹಿಂಗೇ. ಇದ್ದಕ್ಕಿದ್ದಂಗೆ ಎದೆಯಿಂದ ಬೆಂಕಿ ಎದ್ದಂಗೆ ಏಳುತ್ತೆ. ಮಲಗಿದ್ರೆ ಬೆವರಿಗೆ ಹಾಸಿಗೆ ಒದ್ದೆ. ಒಂದು ವರ್ಷದಿಂದ ನಿದ್ದೆ ಅನ್ನೋದು ಇಲ್ಲ. ವಚನಾ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ಲು. ಮಾತ್ರೆ ಕೊಟ್ಟಿದಾರೆ, ತಂಪಲ್ಲಿ ಮಲಗಿ ಅಂದಿದಾರೆ. ಎಲ್ಲಿ ಮಲಗ್ಲಿ? ನಿಮ್ಮ ಮಗನಿಗೆ ಫ್ಯಾನು ಒಂದಕ್ಕಿಟ್ರೂ ಸೀನು."

"ಅವನಿಗೆ ಹೇಳ್ಲಿಲ್ವಾ?"

"ಹೇಳ್ದೆ. ಬೇಸಿಗೇಲಿ ಎಲ್ರಿಗೂ ಶೆಕೆ ಅಂದ್ರು. ಚಳಿಗಾಲದಲ್ಲಿ ಇನ್ನೊಂದ್ಸಲ ಹೇಳ್ದೆ. ತಲೆ ಡಾಕ್ಟ್ರಿಗೆ ತೋರಿಸ್ಕೋ ಅಂದ್ರು. ಆಮೇಲೆ ವಚನಾ ಅಂದ್ಲು, ಅಮ್ಮಾ, ನಿಂಗೆ ಅಂದ್ರೆ ಅಪ್ಪ ಹಾಕಿಸ್ಕೊಡಲ್ಲ, ಅಜ್ಜಿ ಮಂಡಿಗೆ ಅಂದ್ರೆ ಬೇಡ ಅನ್ನಲ್ಲ."

"ನನ್ನ ಹತ್ರ ಹೇಳ್ಬೋದಿತ್ತು."

ಕಲಾವತಿ ಈಗ ತಲೆ ಎತ್ತಿದಳು. "ಹೇಳಿದ್ರೆ ಸಂಜೆ ಒಳಗೆ ಕಾಂಪೌಂಡ್ ಆಚೆಗೆ ಗೊತ್ತಾಗ್ತಿರ್ಲಿಲ್ವಾ?"

ಅದು ಸುಳ್ಳಲ್ಲವೆಂದು ಶಿವಕ್ಕನಿಗೂ ಗೊತ್ತಿತ್ತು. ಆದರೂ ಮನಸ್ಸಿನಲ್ಲಿದ್ದ ಮುಳ್ಳನ್ನು ತೆಗೆಯದೆ ಇರಲಾರಳು.

"ದಿನಾ ಬೆಳಿಗ್ಗೆ ಬೀರು ಹತ್ರ ಏನು ನಿನ್ನ ಕೆಲಸ?"

"ಯಾವ ಬೀರು?" ಕಲಾವತಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಗಾಳಿ ಅಲ್ಲೇ ಅಲ್ವಾ ಅತ್ತೆ ಬೀಳೋದು. ಕಬ್ಬಿಣ ಬೇರೆ, ತಣ್ಣಗಿರುತ್ತೆ."

ಶಿವಕ್ಕ ಕೋಣೆಗೆ ಹಿಂದಿರುಗಿ ರಿಮೋಟು ಹುಡುಕಿ ಸೂರ್ಯನ ಚಿತ್ರ ಹೋಗುವವರೆಗೂ ಒತ್ತಿದಳು. ಸ್ವಲ್ಪ ಕಾದು, ಬೀರುವಿನ ಮುಂದೆ ಹೋಗಿ ನಿಂತಳು. ಕೈ ಎತ್ತಿ ಅದರ ನೆತ್ತಿಯ ಮೇಲಿಟ್ಟಳು. ತಣ್ಣನೆಯ ಗಾಳಿ ಮುಖದ ಮೇಲಿಂದ ಇಳಿದು ಕತ್ತಿನೊಳಕ್ಕೆ ಹೋಯಿತು. ಹಣೆ ಆನಿಸಿದಳು. ಕಬ್ಬಿಣ ನಿಜಕ್ಕೂ ತಣ್ಣಗಿತ್ತು.

ಈ ಮನೆಗೆ ಬರುವ ಮೊದಲು ಮಾಗಡಿ ರಸ್ತೆಯ ವಠಾರದಲ್ಲಿದ್ದಾಗ ಅವಳಿಗೂ ಹೀಗೆಯೇ ಆಗಿತ್ತು. ಒಂದೇ ಕೋಣೆ, ಅದರಲ್ಲೇ ಅತ್ತೆ, ಗಂಡ, ಮಗ. ಬೆಳಗಿನ ಜಾವ ಎದ್ದು ಹೋಗಿ ನಲ್ಲಿಯ ಹತ್ತಿರದ ಬಟ್ಟೆ ಒಗೆಯುವ ಕಲ್ಲನ್ನು ತಬ್ಬಿಕೊಂಡು ಮಲಗುತ್ತಿದ್ದಳು. ಅವಳ ಅತ್ತೆ ಅದನ್ನು ನೋಡಿ ಏನೋ ಮೆಟ್ಟಿಕೊಂಡಿದೆ ಎಂದು ಕೊರಳಿಗೆ ತಾಯತ ಕಟ್ಟಿಸಿದ್ದಳು. ತಾಯತದ ಕಪ್ಪು ದಾರ ಬೆವರಿಗೆ ನೆನೆದು ಕತ್ತಿನ ಸುತ್ತ ಗಾಯವಾಗಿತ್ತು. ಅದು ಏನೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ.

ಬಟ್ಟೆ ಬದಲಾಯಿಸಿ ಬಂದ ಸೊಸೆಯ ಕೈಗೆ ರಿಮೋಟು ಕೊಟ್ಟಳು.

"ತಗೋ. ಮಂಡಿ ಇವತ್ತು ಅಷ್ಟೇನೂ ನೋಯ್ತಾ ಇಲ್ಲ."

"ನಿಮ್ಮ ಮಗನಿಗೆ ಹೇಳ್ಬೇಡಿ ಅತ್ತೆ. ಇನ್ನೊಂದ್ಸಲ ಅನ್ನಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

"ಮಗನಿಗೇನು, ಶಿವಗಂಗಮ್ಮಂಗೂ ಹೇಳಲ್ಲ," ಅಂದಳು ಶಿವಕ್ಕ. ಅದು ಎಷ್ಟು ದೊಡ್ಡ ಮಾತೆಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಕೆಲವು ದಿನ ಮನೆ ತಣ್ಣಗಿತ್ತು. ಕಲಾವತಿ ನಿದ್ದೆ ಮಾಡಿದಳು. ಸಾರಿನ ಉಪ್ಪು ಸರಿಯಾಯಿತು. ಶಿವಕ್ಕ ಎರಡು ಕಂಬಳಿ ಹೊದ್ದು, ಟೋಪಿಯನ್ನು ಕಿವಿಯ ಕೆಳಗೆ ಎಳೆದುಕೊಂಡು ಮಲಗಿದಳು. ಯುಗಾದಿಗೆ ಒಬ್ಬಟ್ಟು ತೆಳ್ಳಗೆ, ಹರಿಯದ ಹಾಗೆ ಬಂದವು. ಉದಯಕುಮಾರನೇ ಹೊಗಳಿದ.

ಹಬ್ಬದ ಸಾರು ಇನ್ನೂ ಮುಗಿದಿರಲಿಲ್ಲ, ಮೀಟರು ನೋಡುವವನು ಬಂದು ಬಿಲ್ಲು ಹರಿದುಕೊಟ್ಟು ಹೋದ. ಉದಯಕುಮಾರ ಅದನ್ನು ಹಾಲ್‌ನ ಮಧ್ಯೆ ನಿಂತು ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ.

"ಸೊನ್ನೆ ಹೋಯ್ತು! ಎಲ್ಲಾ ಹೋಯ್ತು! ವಚನಾ, ಬಾ ಇಲ್ಲಿ. ಬಿಸಿ ಗಾಳಿ, ಚಳಿಗಾಲ, ಎರಡು ತಿಂಗ್ಳು ಅಂದ್ಯಲ್ಲ? ಈ ತಿಂಗ್ಳು ಯಾರಿಗೆ ಚಳಿ ಆಗಿತ್ತು?"

"ಅಪ್ಪಾ, ಬಿಲ್ ನಾನು ಕಟ್ತೀನಿ ಬಿಡಿ."

"ಕಟ್ಟೋದಲ್ಲ ಪ್ರಶ್ನೆ! ಯಾರು ಹಾಕ್ತಾ ಇದಾರೆ ಅಂತ ಕೇಳ್ತಾ ಇರೋದು."

ವಚನಾ ಬಾಯಿ ತೆರೆಯುವಷ್ಟರಲ್ಲಿ ಕಲಾವತಿ ಅಡುಗೆಮನೆಯ ಬಾಗಿಲಿನಿಂದ ಬೇಡವೆಂದು ತಲೆಯಾಡಿಸಿದಳು. ಉದಯಕುಮಾರನ ಕಣ್ಣಿಗೆ ಅದು ಬಿತ್ತು.

"ಏನದು ಸನ್ನೆ? ಏನು ನಡೀತಾ ಇದೆ ಈ ಮನೇಲಿ?"

"ನಾನು ಕಣೋ ಹಾಕೋದು," ಅಂದಳು ಶಿವಕ್ಕ. "ತಣ್ಣಗೆ. ನಂಗೆ ಶೆಕೆ."

ಮಗ ತಾಯಿಯ ಟೋಪಿ ನೋಡಿದ, ಸ್ವೆಟರು ನೋಡಿದ.

"ಸ್ವೆಟರ್ ಹಾಕ್ಕೊಂಡು ಶೆಕೆನಾ ಅವ್ವಾ?"

ಶಿವಕ್ಕ ನಿಧಾನವಾಗಿ ಒಂದೊಂದೇ ಗುಂಡಿ ಬಿಚ್ಚಿ ಸ್ವೆಟರು ತೆಗೆದು ಪಕ್ಕದಲ್ಲಿಟ್ಟಳು. ಅವನು ನಂಬಲಿಲ್ಲ. ನೇರ ಕೋಣೆಗೆ ಹೋಗಿ ರಿಮೋಟು ತೆಗೆದುಕೊಂಡು ಜೇಬಿಗೆ ಹಾಕಿದ.

"ಮೂರು ಜನಾನೂ ಸೇರ್ಕೊಂಡು ನನ್ನ ಹತ್ರ ಏನೋ ಮುಚ್ಚಿಡ್ತಾ ಇದೀರಿ. ಯಾರಿಗೆ ಅಂತ ನಿಜ ಹೇಳಿ, ವಾಪಸ್ ಕೊಡ್ತೀನಿ. ಅಲ್ಲಿವರೆಗೂ ಬಂದ್."

ಬೇಸಿಗೆ ಆಗ ನೆತ್ತಿಗೆ ಬಂದಿತ್ತು. ಇನ್ನೂ ಕೆಳಗೇ ಮಲಗಿದರೆ ಗಂಡನಿಗೆ ಅನುಮಾನ ಬಂದೀತೆಂದು ಕಲಾವತಿ ಚಾಪೆ ಸುತ್ತಿ ಮೇಲೆ ಹೋದಳು. ಕಣ್ಣಿನ ಸುತ್ತ ಮತ್ತೆ ಕಪ್ಪು ಕೂತಿತು. ಅನ್ನ ಬಸಿಯುವಾಗ ತಲೆ ಸುತ್ತಿ ಗಂಜಿ ಮುಂಗೈ ಮೇಲೆ ಚೆಲ್ಲಿಕೊಂಡಳು. ವಚನಾ ಮುಲಾಮು ಹಚ್ಚುತ್ತ, "ಸಾಕಮ್ಮಾ, ಇವತ್ತು ಅಪ್ಪಂಗೆ ನಾನೇ ಹೇಳ್ತೀನಿ," ಅಂದಳು.

"ನೀ ಹೇಳಿದ್ರೆ ನನ್ನಾಣೆ. ನಾನು ಎರಡು ಸಲ ಹೇಳಿದೀನಿ. ಅವರಿಗೆ ಬೇಕಿದ್ರೆ ಅಷ್ಟು ಸಾಕು."

ಶಿವಕ್ಕ ಹುಣಸೆಹಣ್ಣಿನ ಬೀಜ ತೆಗೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಆ ಭಾನುವಾರ ಊಟವಾದ ಮೇಲೆ ಉದಯಕುಮಾರ ಮೇಲೆ ಹೋಗಿ ಮಲಗಿದ. ಕಲಾವತಿ ಅಡುಗೆಮನೆ ತೊಳೆಯುತ್ತಿದ್ದಳು. ಶಿವಕ್ಕ ಮೆಟ್ಟಿಲ ಬಳಿ ಬಂದು ಕಂಬಿ ಹಿಡಿದಳು. ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಉಸಿರು ತೆಗೆದುಕೊಂಡು, ಮತ್ತೆ. ತಿರುವಿನಲ್ಲಿ ಕೂತಳು. ಮತ್ತೆ ಎದ್ದಳು. ಮಂಡಿಯೊಳಗೆ ಯಾರೋ ಸೂಜಿ ತಿರುವುತ್ತಿದ್ದ ಹಾಗಿತ್ತು. ಬಾಗಿಲು ತಳ್ಳಿದಾಗ ಒಳಗೆ ಕಿಟಕಿಯೆಲ್ಲ ಮುಚ್ಚಿ, ಫ್ಯಾನು ಆರಿಸಿ, ಮಗ ಕತ್ತಿನವರೆಗೂ ಹೊದ್ದು ಮಲಗಿದ್ದ.

"ಅವ್ವಾ!" ಅವನು ದಡಕ್ಕನೆ ಎದ್ದ. "ನೀ ಹೆಂಗೆ ಹತ್ತಿದೆ?"

"ಕಾಲಿಂದ."

"ಏನಾಯ್ತು?"

"ಕೆಳಗೆ ಶೆಕೆ, ಇರಕ್ಕಾಗಲ್ಲ. ಇನ್ಮೇಲೆ ನಾನು ಇಲ್ಲೇ ಮಲಗ್ತೀನಿ. ಆ ಕಿಟಕಿ ತೆಗಿ. ಫ್ಯಾನು ಐದಕ್ಕೆ ಹಾಕು."

"ತಮಾಷೆ ಮಾಡ್ಬೇಡ ಅವ್ವಾ."

ಶಿವಕ್ಕ ಮಂಚದ ಇನ್ನೊಂದು ಬದಿಗೆ, ಸೊಸೆ ಮಲಗುವ ಬದಿಗೆ, ಹೋಗಿ ಕೂತಳು. ಅಲ್ಲಿ ಚಾದರದ ಮೇಲೆ ಒಂದು ದಪ್ಪ ಟವಲು ಹಾಸಿತ್ತು. ದಿಂಬಿನ ಮೇಲೂ ಒಂದು ಟವಲು. ಬೆರಳಿಂದ ಮುಟ್ಟಿ ನೋಡಿದಳು.

"ಈ ಕಡೆ ಯಾಕೋ ಟವಲ್ ಹಾಸಿರೋದು?"

"ಅದು... ಅವಳು ಬೆವರ್ತಾಳೆ."

"ಯಾವಾಗಿಂದ?"

"ಏನೋ. ಒಂದು ವರ್ಷದಿಂದ ಇರ್ಬೇಕು."

ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ಶಿವಕ್ಕ ಟವಲಿನ ಮಡಿಕೆಯನ್ನು ಅಂಗೈಯಿಂದ ನೇರ ಮಾಡುತ್ತ ಕೂತಿದ್ದಳು. ಉದಯಕುಮಾರ ಟವಲನ್ನು ನೋಡಿದ, ಮುಚ್ಚಿದ ಕಿಟಕಿಯನ್ನು ನೋಡಿದ. ತಾಯಿಯ ಮುಖ ನೋಡಲಿಲ್ಲ.

"ಅವಳು ಏನೋ ಹೇಳಿದ್ಲು. ನಾನು..." ಅಂದ.

"ನಂಗೆ ಯಾರೂ ಏನೂ ಹೇಳಿಲ್ಲಪ್ಪ. ನಂಗೆ ಶೆಕೆ, ಅದಕ್ಕೆ ಬಂದೆ."

ಉದಯಕುಮಾರ ಎದ್ದು ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಿಂದ ರಿಮೋಟು ತೆಗೆದು ತಾಯಿಯ ಪಕ್ಕದಲ್ಲಿ ಇಟ್ಟ. "ಬಾ, ಹಿಡ್ಕೊಂಡು ಇಳಿಸ್ತೀನಿ," ಅಂದ.

"ಬೇಡ. ನೀ ಆ ಕಿಟಕಿ ತೆಗಿ ಮೊದ್ಲು. ಟವಲ್ ಒಣಗ್ಲಿ."

ಮೆಟ್ಟಿಲ ತುದಿಯವರೆಗೆ ಗೋಡೆ ಹಿಡಿದುಕೊಂಡು ಬಂದಳು. ಅಲ್ಲಿಗೆ ಮಂಡಿ ಕೈಕೊಟ್ಟಿತು. ಮೇಲಿನ ಮೆಟ್ಟಿಲಲ್ಲೇ ಕೂತುಬಿಟ್ಟಳು. ಸದ್ದು ಕೇಳಿ ಕಲಾವತಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಕೆಳಗಿನಿಂದ ಓಡಿಬಂದಳು.

"ಅತ್ತೆ! ಇದ್ಯಾಕೆ ಮೇಲೆ ಬಂದ್ರಿ? ಇಳಿಯೋದು ಹೆಂಗೆ ಈಗ?"

ಶಿವಕ್ಕ ಕೈ ಚಾಚಿ ರಿಮೋಟು ಕೊಟ್ಟಳು. ಸೊಂಟದಲ್ಲಿದ್ದ ಬೀಗದ ಕೈಯನ್ನೂ ಬಿಚ್ಚಿ ಅದರ ಜೊತೆಗೆ ಇಟ್ಟಳು. "ಬೀರೂಲಿ ಕೆಳಗಿನ ಅರೇಲಿ ಹತ್ತಿ ಚಾದರ ಇದೆ, ಹಳೇದು, ಮೆತ್ತಗಿದೆ. ತೆಕ್ಕೋ. ಮಂಚದ ಮೇಲೆ ಮಲಕ್ಕೋ, ಚಾಪೆ ಬೇಡ."

"ನೀವು?"

"ಇಳಿಯೋಕೆ ನಂಗೆ ಹೊತ್ತಾಗುತ್ತೆ. ನೀ ಹೋಗು."

ಕಲಾವತಿ ಅಲ್ಲೇ ನಿಂತಳು. ಮೇಲಿನ ಕೋಣೆಯಲ್ಲಿ ಕಿಟಕಿಯ ಕೊಂಡಿ ತೆಗೆದ ಸದ್ದಾಯಿತು, ಹಿಂದೆಯೇ ಒಂದು ಸೀನು. ಅವಳು ಅತ್ತ ನೋಡಿದಳು, ಅತ್ತೆಯನ್ನು ನೋಡಿದಳು.

"ಹೋಗೇ ಅಂದ್ರೆ."

ಹೋದಳು. ಕೆಳಗೆ ಬೀರುವಿನ ಬಾಗಿಲು ಕಿರುಗುಟ್ಟಿತು. ಆಮೇಲೆ ಮೆಷೀನಿನ ಸಣ್ಣ ಗುಂಯ್ ಸದ್ದು. ಆಮೇಲೆ ಏನೂ ಇಲ್ಲ. ಶಿವಕ್ಕ ಎರಡೂ ಕಾಲು ಮುಂದಿನ ಮೆಟ್ಟಿಲ ಮೇಲೆ ಚಾಚಿ, ಮಂಡಿ ತಿಕ್ಕಿಕೊಳ್ಳುತ್ತ ಕೂತಳು. ಸಂಜೆ ಕಾಫಿಯ ಹೊತ್ತಿಗೆ ವಚನಾ ಹೊರಗಿನಿಂದ ಬಂದು, ಅಜ್ಜಿಯನ್ನು ಮೆಟ್ಟಿಲ ಮೇಲೆ ಕಂಡು ಗಾಬರಿಯಾಗಿ ಕೂಗಲು ಬಾಯಿ ತೆರೆದಾಗ, ಶಿವಕ್ಕ ತುಟಿಯ ಮೇಲೆ ಬೆರಳಿಟ್ಟಳು.

"ಮೆತ್ತಗೆ," ಅಂದಳು. "ನಿಮ್ಮಮ್ಮ ಮಲಗಿದಾಳೆ."